ಶಿರಾಜ್ ದ್ರಾಕ್ಷಿಯ ತಂದೆತಾಯಿ

ಒಂದು ಕಡೆ ಗಟ್ಟಿಯಾಗಿ ಕುಳಿತು ಕೆಲಸ ಮಾಡುವವರಿಗೆ ಇಂಥ ಫಜೀತಿ ಆಗುವುದಿಲ್ಲವೇನೋ. ನಾನು ಹುನಗುಂದದ ಹತ್ತಿರ ವೈನ್ ದ್ರಾಕ್ಷಿ ತೋಟ ನೋಡಿಕೊಳ್ಳುವವನು. ಹಣ್ಣು ಕೊಯ್ಲಿಗೆ ಬಂತೆಂದರೆ ನನ್ನ ಕಾಲು ನಿಲ್ಲುವುದಿಲ್ಲ. ಮೋಡ ಬಂದರೆ ಯಾಕೆ ಬಂತು ಅಂತ ಚಡಪಡಿಕೆ, ಹೋದರೆ ಮತ್ತೆ ಬಂದೀತು ಅಂತ ಚಡಪಡಿಕೆ. ಆ ಗಡಿಬಿಡಿಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ.

ಅವ್ವನ ಕರುಣೆ

ನಮ್ಮ ತೋಟದ ತಳಿಯ ಹೆಸರು ಶಿರಾಜ್. ಕೆಂಪು ವೈನ್ ಮಾಡುವ ಕಪ್ಪು ಹಣ್ಣು. ಕೊಯ್ಲಿಗೆ ಮುಂಚೆ ನೀರು ಕಡಿಮೆ ಮಾಡಿದರೆ ರಸ ಗಟ್ಟಿಯಾಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಳಕಲ್ಲಿನ ನಮ್ಮ ಮನೆಯ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತ ಮಾಲೀಕರಿಗೆ ಫೋನಿನಲ್ಲಿ ಹೇಳುತ್ತಿದ್ದೆ: “ಶಿರಾಜ್‌ಗ ನೀರು ಬಂದ್ ಮಾಡೇನ್ರಿ. ಇನ್ನೊಂದೀಟು ಒಣಗ್ಲಿ, ಮುಂದಿನ ವಾರ ಕೊಯ್ದ ಬಿಡೋಣು.”

ಹಿಂದೆ ನಿಂತಿದ್ದ ಅವ್ವನ ಮುಖ ಬಿಳಿಚಿಕೊಂಡಿತ್ತು. ಯಾರ ಮಗನೋ ಏನೋ, ತಪ್ಪು ಮಾಡಿದರೆ ಬೈಯಿರಿ, ನೀರು ಯಾಕೆ ಬಂದ್ ಮಾಡುತ್ತೀರಿ ಅಂತ ಅಳುವುದೊಂದೇ ಬಾಕಿ. ಅದು ಮನುಷ್ಯನಲ್ಲ, ದ್ರಾಕ್ಷಿ ಅಂತ ತಿಳಿಸಿ ಹೇಳುವಷ್ಟರಲ್ಲಿ ನನಗೇ ಬಾಯಾರಿತು. ಎಲ್ಲ ಕೇಳಿ ಅವ್ವ ಅಂದಳು: “ಬಳ್ಳಿಗೂ ಜೀವ ಇರತೈತಿ. ನಿಮ್ಮ ಮಾಲಕಗ ನೀರು ಬಂದ್ ಮಾಡಿ ನೋಡು, ಅವನ ರಸಾನೂ ಗಟ್ಟಿ ಆಕ್ಕೈತೇನು.”

ಮಾವನ ಬಾಯಿ

ಬಾಗಲಕೋಟೆಯ ನನ್ನ ಸೋದರಮಾವ ಭಾರೀ ಮಡಿವಂತ. ತೀರ್ಥಸ್ನಾನಕ್ಕೆಂದು ಮಹಾಕೂಟಕ್ಕೆ ಹೊರಟವನು, ಅಳಿಯನ ತೋಟದ ಹಣ್ಣು ತಿಂದೇ ಹೋಗುತ್ತೇನೆ ಅಂತ ಬಂದ. ನಾನು ಬೇಡವೆಂದೆ. ಶಿರಾಜ್ ತಿನ್ನುವ ಹಣ್ಣಲ್ಲ. ಕಾಳು ಸಣ್ಣದು, ಬೀಜ ಬಹಳ, ಸಿಪ್ಪೆ ದಪ್ಪ. ವೈನಿನ ಬಣ್ಣ, ಒಗರು ಎಲ್ಲ ಆ ಸಿಪ್ಪೆಯಲ್ಲೇ ಇರುವುದು. ಮಾವ ಕೇಳಲಿಲ್ಲ. ನಾನು ಆ ಸಾಲಿನಿಂದ ಈ ಸಾಲಿಗೆ ಓಡಾಡಿ ಬರುವಷ್ಟರಲ್ಲಿ ಒಂದು ಬುಟ್ಟಿ ಮುಗಿಸಿದ್ದ.

ಮಹಾಕೂಟದ ಹೊಂಡದ ಮೆಟ್ಟಿಲ ಮೇಲೆ ಒಬ್ಬ ಅಜ್ಜ, ಮಾವನ ನೀಲಿಗಟ್ಟಿದ ತುಟಿ, ಹಲ್ಲು, ನಾಲಿಗೆ ನೋಡಿ, ಏನು ಕುಡಿದಿರಿ ಅಂತ ಕೇಳಿದನಂತೆ. ಮಾವ ಸುಳ್ಳು ಹೇಳುವವನಲ್ಲ. ಕುಡಿದಿಲ್ಲ, ವೈನಿನ ಹಣ್ಣು ತಿಂದಿದ್ದೇನೆ ಅಂದ. ಅಜ್ಜ ಸರಿದು ಜಾಗ ಬಿಟ್ಟು ಹೇಳಿದನಂತೆ: “ಮುಳುಗ್ರಿ. ಆದ್ರ ಬಾಯಿ ಮುಚ್ಚಿಕೊಂಡು ಮುಳುಗ್ರಿ, ಹಿಂದ ಮಂದಿ ತೀರ್ಥ ತಗೋಳಾವ್ರು ಅದಾರ.”

ಕನ್ಯಾ ನೋಡಲು ಹೋದದ್ದು

ನಾನು ಬೇಡವೆಂದರೂ ಕೊಯ್ಲಿನ ವಾರದಲ್ಲೇ ಅಪ್ಪ ಬಾದಾಮಿಯಲ್ಲಿ ಕನ್ಯಾ ನೋಡುವುದು ಇಟ್ಟ. ಹುಡುಗಿಯ ತಂದೆ ನಿವೃತ್ತ ಮಾಸ್ತರರು. ವೈನ್ ತೋಟದ ವರ ಅಂದರೆ ಕುಡುಕನೇ ಇರಬೇಕು ಅಂತ ಅವರಿಗೆ ಅನುಮಾನ. ಅದನ್ನು ಹೋಗಲಾಡಿಸಲು ನಾನು ದ್ರಾಕ್ಷಿಯ ಕೃಷಿ, ತಳಿ ಅಂತ ಮರ್ಯಾದೆಯ ಮಾತು ಶುರು ಮಾಡಿದೆ. ಅಷ್ಟರಲ್ಲಿ ತೋಟದಿಂದ ಫೋನು: ಮೋಡ ಕಟ್ಟಿದೆ.

ಹೊರಗೆ ಹೋಗಿ ಮಾತಾಡಿ ಬಂದು ಕುಳಿತೆ. ಜೀವ ಪೂರ್ತಿ ತೋಟದಲ್ಲಿತ್ತು. ಇಲ್ಲಿ ಮಾತು ಆಗಲೇ ನಮ್ಮ ಮನೆತನಕ್ಕೆ ತಿರುಗಿದ್ದು ನನಗೆ ಗೊತ್ತಿಲ್ಲ. ಮಾಸ್ತರರು ನನ್ನತ್ತ ನೋಡಿ, “ಮೂಲ ಎಲ್ಲೀದು?” ಅಂದರು.

ಕಿಟಕಿಯಾಚೆಯ ಆಕಾಶ ನೋಡುತ್ತಲೇ ಹೇಳಿದೆ: “ಭಾಳ ಮಂದಿ ಇರಾನ್ ಅಂತ ತಿಳಿದಿದ್ರು. ಡಿಎನ್‌ಎ ತಪಾಸಣಿ ಮಾಡಿದ ಮ್ಯಾಲೆ ಫ್ರಾನ್ಸ್ ಅಂತ ಖರೆ ಆತ್ರಿ. ತಂದಿ ಕರಿ, ತಾಯಿ ಬಿಳಿ. ಯಾರೂ ಮುಂದ ನಿಂತು ಕೂಡಿಸಿಲ್ರಿ, ತಮ್ಮಷ್ಟಕ್ಕ ತಾವ ಕೂಡಿದ್ದು.”

ನನ್ನ ಅಪ್ಪ ಕಪ್ಪಗೇ ಇದ್ದಾನೆ. ಅವನ ಉಪ್ಪಿಟ್ಟಿನ ಚಮಚೆ ಬಾಯಿಗೂ ಹೋಗದೆ, ತಟ್ಟೆಗೂ ಇಳಿಯದೆ ನಿಂತಿತ್ತು. ಬೆಳ್ಳಗಿರುವ ಅವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಮಾಸ್ತರರು ಮೆಲ್ಲಗೆ ಎದ್ದು ನಿಂತರು. ಏನಾಯಿತೆಂದು ನನಗೆ ತಿಳಿದು, ದ್ರಾಕ್ಷಿ, ದ್ರಾಕ್ಷಿ ಅಂತ ತೊದಲುತ್ತಿದ್ದೆ.

ಈಗ ನನ್ನ ಹೆಂಡತಿಯಾಗಿರುವವಳು ಆಗ ಬಾಗಿಲ ಹಿಂದೆ ನಿಂತಿದ್ದಳು. ಅಲ್ಲಿಂದಲೇ ಹೇಳಿದಳು:

“ಅಪ್ಪಾ, ಹೂಂ ಅನ್ನು. ಹಡದವರದ ಇಷ್ಟು ಬಿಚ್ಚಿ ಹೇಳಾವ, ನಾಳಿ ತನ್ನದೇನ ಮುಚ್ಚಿಡ್ತಾನ?”