ಜೋಳದ ಹಕ್ಕಲಲ್ಲಿ ಏಳು ಸುತ್ತಿನ ಕೋಟೆ

ನಾನು ಹೊಸನಗರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಕೈವಾರ ಹಿಡಿದರೆ ವೃತ್ತ, ಸ್ಕೇಲ್ ಇಟ್ಟರೆ ಗೆರೆ. ನಕ್ಷೆಯೊಂದು ಕೈಯಲ್ಲಿದ್ದರೆ ಈ ಭೂಮಂಡಲದ ಯಾವ ಮೂಲೆಗೆ ಬೇಕಾದರೂ ಹೋಗಿ ಬರಬಲ್ಲೆ ಎಂದು, ಎಪ್ಪತ್ತರ ದಶಕದ ಕೊನೆಯ ಒಂದು ನವರಾತ್ರಿ ರಜೆಯವರೆಗೂ, ಪ್ರಾಮಾಣಿಕವಾಗಿ ನಂಬಿದ್ದೆ. ಆ ರಜೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೂವರೆ ಎಕರೆ ಮೆಕ್ಕೆಜೋಳದೊಳಗೆ ಕಳೆದುಹೋದೆ. ನಕ್ಷೆ ಜೇಬಿನಲ್ಲೇ ಇತ್ತು. ನಕ್ಷೆ ಬರೆದವನೂ ನಾನೇ!

ಇದನ್ನೆಲ್ಲ ನಾನು ಮಾಡಿದ್ದು ನನ್ನ ಹೆಂಡತಿ ಶಾರದೆಯನ್ನು ನಗಿಸಲಿಕ್ಕೆ.

ಆ ವರ್ಷ ಆಷಾಢದಲ್ಲಿ ಅವಳ ತಾಯಿ ತೀರಿಕೊಂಡಿದ್ದರು. ಅಂದಿನಿಂದ ಶಾರದೆ ಅತ್ತಿರಲಿಲ್ಲ, ನಕ್ಕಿರಲೂ ಇಲ್ಲ. ಬೆಳಿಗ್ಗೆ ಏಳುವಳು, ಒಲೆ ಹಚ್ಚುವಳು, ಬಡಿಸುವಳು, ಬಟ್ಟೆ ಹರವುವಳು. ಸಾರಿಗೆ ಉಪ್ಪು ಕಡಿಮೆ ಎಂದರೆ ಸುಮ್ಮನೆ ಉಪ್ಪಿನ ಡಬ್ಬಿ ತಂದಿಡುವಳು. ಮೊದಲಾಗಿದ್ದರೆ, "ನಾಲಿಗೆ ಸರಿ ಇದ್ಯಾ ನೋಡ್ಕಳಿ" ಎಂದು ಅರ್ಧ ಗಂಟೆ ಜಗಳಕ್ಕೆ ಸಾಮಗ್ರಿ ಸಿಗುತ್ತಿತ್ತು. ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಒಂದೇ ಒಂದು ಜಗಳವಾಗಿರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾಗಿದ್ದ ನನಗೆ ಇದಕ್ಕಿಂತ ಭಯ ಹುಟ್ಟಿಸುವ ಸಂಗತಿ ಇನ್ನೊಂದಿರಲಿಲ್ಲ.

ರಜೆಗೆ ಅವಳ ತವರಿಗೆ ಹೋದೆವು. ಅದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಕವಲೇದುರ್ಗದ ಬುಡದ ಒಂದು ಊರು. ಸಾವಾದ ವರ್ಷವಾದ್ದರಿಂದ ಮನೆಯಲ್ಲಿ ಹಬ್ಬವಿಲ್ಲ. ಅವಳ ಅಣ್ಣ ಶೇಷಪ್ಪ ಭಾವ ಮಾತೇ ಕಡಿಮೆಯ ಮನುಷ್ಯ. ಅತ್ತಿಗೆ ಕೊಟ್ಟಿಗೆಯಲ್ಲಿ. ಶಾರದೆ ಜಗಲಿಯ ಕಂಬಕ್ಕೊರಗಿ ಮೊರದಲ್ಲಿ ಅಕ್ಕಿ ಹಿಡಿದು ಕೂತರೆ, ಕಲ್ಲು ಆರಿಸುತ್ತಿದ್ದ ಕೈ ನಡುವೆ ನಿಂತೇ ಹೋಗುತ್ತಿತ್ತು.

ಮನೆಯ ಹಿಂದಿನ ದಿಬ್ಬದಲ್ಲಿ ಭಾವನ ಹಕ್ಕಲು. ಅಂದರೆ ಗದ್ದೆಯೂ ಅಲ್ಲದ, ತೋಟವೂ ಅಲ್ಲದ, ಮಳೆ ನಂಬಿದ ಜಾಗ. ಆ ಸಲ ಅಲ್ಲಿ ಮೊದಲ ಬಾರಿಗೆ ಮೆಕ್ಕೆಜೋಳ ಹಾಕಿದ್ದರು. ಆಳಿಗಿಂತ ಎತ್ತರಕ್ಕೆ ಬೆಳೆದು ನಿಂತಿತ್ತು. ಅದನ್ನು ನೋಡುತ್ತಾ ನಿಂತಿದ್ದಾಗ ನನ್ನ ತಲೆಯಲ್ಲಿ ಸದರಿ ಯೋಜನೆ ಉದಯಿಸಿತು.

"ಭಾವ, ಈ ಜೋಳದೊಳಗೆ ಏಳು ಸುತ್ತಿನ ಕೋಟೆ ಮಾಡೋಣ."

"ಎಂತ ಮಾಡೋದು?"

"ಮಕ್ಕಳು ಸ್ಲೇಟಿನ ಮೇಲೆ ಬರೀತಾರಲ್ಲ, ಹಂಗೆ. ಸುತ್ತು ಸುತ್ತು ದಾರಿ. ಒಳಗೆ ಹೋದವರು ಹುಡುಕ್ಕೊಂಡು ಹೊರಗೆ ಬರಬೇಕು. ಶಾರದೆ ಚಿಕ್ಕವಳಿದ್ದಾಗ ಈ ಆಟ ಬಹಳ ಆಡ್ತಿದ್ಳಂತೆ."

"ಬೆಳೆದ ಜೋಳ ಕಡಿಯೋದಾ ಮೇಷ್ಟ್ರೇ?"

"ಬರೀ ದಾರಿಯಷ್ಟು. ಎರಡಡಿ ಅಗಲ. ದಂಟು ದನಕ್ಕಾಗ್ತದೆ."

ಭಾವ ತಿರುಗಿ ಜಗಲಿಯ ಕಡೆ ನೋಡಿದರು. ಮೊರದಲ್ಲಿ ಕೈ ನಿಂತಿತ್ತು. ಸುಮಾರು ಹೊತ್ತು ನೋಡಿದರು.

"ಅವಳು ನಗ್ತಾಳೆ ಅಂತೀರಾ?"

"ಗ್ಯಾರಂಟಿ!"

"ಹಂಗಾರೆ ಕಡೀರಿ," ಎಂದು ತಾವೇ ಕತ್ತಿ ಮಸೆದು ಕೊಟ್ಟರು.

ಡ್ರಾಯಿಂಗ್ ಹಾಳೆಯ ಮೇಲೆ ಏಳು ವೃತ್ತ ಎಳೆದೆ. ಒಳಹೋಗುವ ದಾರಿಗೆ ಕೆಂಪು ಶಾಯಿ, ಹೊರಬರುವ ದಾರಿಗೆ ಹಸಿರು ಶಾಯಿ. ಕೋಟೆಗೆ ಹೆಬ್ಬಾಗಿಲು ಬೇಕಲ್ಲ? ಅದು ದುರ್ಗಕ್ಕೆ ಎದುರಾಗಿರಲಿ ಎಂದು, ಮನೆಯಿಂದ ದೂರದ ಕಡೆ ಮುಳ್ಳುಬೇಲಿಯನ್ನು ಎರಡು ಮಾರು ಕಿತ್ತುಹಾಕಿದೆ. ನೋಟ ಅದ್ಭುತವಾಗಿತ್ತು. ಬೇಲಿಯನ್ನು ಯಾಕೆ ಹಾಕಿರುತ್ತಾರೆ ಎಂಬ ಸಣ್ಣ ಪ್ರಶ್ನೆ ಮಾತ್ರ ಹೊಳೆಯಲಿಲ್ಲ.

ಮೂರು ದಿನ ಕಡಿದೆ. ಆಗ ಅರ್ಥವಾಯಿತು, ನಕ್ಷೆಯನ್ನು ಮೇಲಿನಿಂದ ನೋಡುತ್ತೇವೆ, ಜೋಳವನ್ನು ಒಳಗಿನಿಂದ ಕಡಿಯಬೇಕು. ಎರಡನೆಯ ಸುತ್ತು ಕಡಿಯುತ್ತಾ ಹೋದವನು ನಾಲ್ಕನೆಯದರಲ್ಲಿ ಎದ್ದೆ. ಐದನೆಯದು ಎಲ್ಲಿ ಹೋಯಿತೋ ಇಂದಿಗೂ ತಿಳಿಯದು. ವೃತ್ತ ಅಂದುಕೊಂಡದ್ದು ಕೆಲವು ಕಡೆ ಕುಂಬಳಕಾಯಿ, ಕೆಲವು ಕಡೆ ಬೆಂಡೆಕಾಯಿ. ಜೋಳದ ಗರಿ ತಾಗಿ ಮುಖವೆಲ್ಲ ಗೀರು. ರಾತ್ರಿ ಊಟಕ್ಕೆ ಕೂತಾಗ ಅತ್ತಿಗೆ ಕೊಬ್ಬರಿ ಎಣ್ಣೆಯ ಬಟ್ಟಲನ್ನು ನನ್ನ ಬಾಳೆಲೆಯ ಪಕ್ಕ ಇಟ್ಟರು. ಶಾರದೆ ಅದನ್ನೂ ನೋಡಿದಳು, ನಗಲಿಲ್ಲ.

ಪ್ರಾರಂಭೋತ್ಸವಕ್ಕೆ ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮುಹೂರ್ತ. ಭಾವ ಗದ್ದೆಗೆ ಹೋಗಿದ್ದರು. "ನಂಗೆ ಕೆಲಸ ಇದೆ, ನೀವು ಹೋಗಿ ಬನ್ನಿ," ಎಂದು ಅತ್ತಿಗೆ ಜಾರಿಕೊಂಡರು. ಶಾರದೆಯನ್ನು ಮೂರು ಸಲ ಕರೆದ ಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ಎಷ್ಟೊತ್ತು ಬೇಕು?"

"ಒಂದು ಅರ್ಧ ಗಂಟೆ. ಆಟ ಅಷ್ಟೇ."

ಒಳಗೆ ಹೋದೆವು. ಎರಡೂ ಕಡೆ ಜೋಳದ ಗೋಡೆ, ಮೇಲೆ ಬೂದಿ ಬಣ್ಣದ ಒಂದು ಪಟ್ಟಿ ಆಕಾಶ, ಗರಿಗಳ ಸರಸರ. ಮೊದಲ ಅರ್ಧ ಗಂಟೆ ನಾನು ಮಾರ್ಗದರ್ಶಕನ ಗತ್ತಿನಲ್ಲಿ ವಿವರಿಸುತ್ತಾ ನಡೆದೆ. ಎರಡನೆಯ ಅರ್ಧ ಗಂಟೆಯಲ್ಲಿ ವಿವರಣೆ ಕಡಿಮೆಯಾಯಿತು. ಮೂರನೆಯದರಲ್ಲಿ ನಕ್ಷೆ ಹೊರಬಂತು. ಆ ಹೊತ್ತಿಗೆ ಸರಿಯಾಗಿ ದುರ್ಗದ ಕಡೆಯಿಂದ ಒಂದು ತುಂತುರು ಮಳೆ ಬಂತು. ಹತ್ತೇ ನಿಮಿಷ. ನೋಡನೋಡುತ್ತಿದ್ದಂತೆ ಕೆಂಪು ಶಾಯಿ ಹಸಿರು ಶಾಯಿಯೊಳಗೆ ಹರಿದು, ಒಳಹೋಗುವ ದಾರಿ, ಹೊರಬರುವ ದಾರಿ ಎರಡೂ ಕಂದು ಬಣ್ಣಕ್ಕೆ ತಿರುಗಿದವು.

"ಇದೇ ತಿರುವು ಆಗ್ಲೇ ನೋಡಿದ್ವಿ," ಎಂದಳು ಶಾರದೆ.

"ಛೆ ಛೆ, ಅದು ಬೇರೆ."

"ಅಲ್ಲಿ ನಿಮ್ಮ ಚಪ್ಪಲಿ ಗುರುತು ಇದೆ."

ಇತ್ತು!

ಕೂಗಿದೆ. "ಹೋ... ಹೋಯ್... ಭಾವಾ!" ಗಂಟಲು ಹರಿಯುವಂತೆ ಕೂಗಿದೆ. ಕೊಟ್ಟಿಗೆಯಲ್ಲಿದ್ದ ಅತ್ತಿಗೆಗೆ ಅದು ಸ್ಪಷ್ಟವಾಗಿಯೇ ಕೇಳಿಸಿತಂತೆ. ಮಧ್ಯಾಹ್ನ ಊಟಕ್ಕೆ ಬಂದ ಭಾವನಿಗೂ ಕೇಳಿಸಿತಂತೆ. "ಪಾಪ, ಮೇಷ್ಟ್ರು ಗಿಳಿ ಓಡಿಸ್ತಿದಾರೆ," ಎಂದು ಅತ್ತಿಗೆ ಹೇಳಿದರಂತೆ. "ನಮ್ಮ ಬೆಳೆ ಮೇಲೆ ಎಷ್ಟು ಕಾಳಜಿ," ಎಂದು ಭಾವ ಇನ್ನೊಂದು ಸೌಟು ಸಾರು ಹಾಕಿಸಿಕೊಂಡರಂತೆ.

ಕೂಗಿ ಕೂಗಿ ಧ್ವನಿ ಹೋಯಿತು. ಕೊನೆಗೆ ಕೋಟೆಯ ನಡುಭಾಗ ಎಂದು ನಾನು ದುಂಡಗೆ ಕಡಿದಿದ್ದ ಜಾಗಕ್ಕೆ ಮೂರನೆಯ ಸಲ ತಲುಪಿದಾಗ ಶಾರದೆ ಕಡಿದ ದಂಟಿನ ರಾಶಿಯ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ಆಹಾ, ನಗುತ್ತಿದ್ದಾಳೆ ಎಂದು ಒಂದು ಕ್ಷಣ ನನಗೆ ಎಷ್ಟು ಸಂತೋಷವಾಯಿತೆಂದರೆ, ಭಾವನಿಗೆ ಮೊದಲು ಹೋಗಿ ಹೇಳಬೇಕು ಅನ್ನಿಸಿತು.

ಅವಳು ಅಳುತ್ತಿದ್ದಳು.

"ಅಳಬೇಡ ಮಾರಾಯ್ತಿ. ಇನ್ನು ಎರಡೇ ತಿರುವು, ನನಗೆ ಖಾತ್ರಿ ಇದೆ."

"ದಾರಿ ಸಿಗ್ಲಿಲ್ಲ ಅಂತ ಅಳ್ತಿಲ್ಲ."

"ಮತ್ತೆ?"

"ಅವತ್ತೂ ಹಿಂಗೇ ಅಂದಿದ್ರಿ. ಇನ್ನೆರಡೇ ತಿರುವು, ನಂಗೆ ಖಾತ್ರಿ ಇದೆ ಅಂತ."

ಇಲ್ಲಿಯವರೆಗೆ ನಿಮಗೆ ಹೇಳದೆ ಬಿಟ್ಟ ಸಂಗತಿ ಒಂದಿದೆ. ಆಷಾಢದಲ್ಲಿ, 'ಅಮ್ಮನಿಗೆ ಜೋರಾಗಿದೆ, ಬೇಗ ಬಾ' ಎಂದು ಸುದ್ದಿ ಬಂದಾಗ ಬೆಳಿಗ್ಗೆ ಇನ್ನೂ ಎಂಟು ಗಂಟೆ. ಅವಳ ಊರಿನ ಕಡೆ ನೇರ ಹೋಗುವ ಬಸ್ಸು ಹತ್ತಕ್ಕೆ. ಅಷ್ಟು ಹೊತ್ತು ಕಾಯುವುದೇಕೆ, ಎಂಟೂವರೆಗೆ ಸುತ್ತಿ ಹೋಗುವ ಇನ್ನೊಂದಿದೆ, ಅದೇ ಬೇಗ ಮುಟ್ಟುತ್ತದೆ ಎಂದು ಲೆಕ್ಕ ಹಾಕಿದವನು ನಾನು. ಶಾರದೆ ಬೇಡ ಎಂದಳು. ಬಸ್ ಸ್ಟ್ಯಾಂಡಿನಲ್ಲಿ ನೆಲದ ಮೇಲೆ ಕೊಡೆಯ ತುದಿಯಿಂದ ನಕ್ಷೆ ಬರೆದು ಒಪ್ಪಿಸಿದೆ. ಆ ಬಸ್ಸು ಒಂದು ಹಳ್ಳದ ಎದುರು ನಿಂತಿತು. ಸೇತುವೆಯ ಮೇಲೆ ನೀರು. ನೀರು ಇಳಿಯುವವರೆಗೆ ಕೂತೆವು. ಆಮೇಲೆ ಇಳಿದು ನಡೆದೆವು. ಮನೆ ಮುಟ್ಟಿದಾಗ ಸಂಜೆ. ಎಲ್ಲಾ ಮುಗಿದಿತ್ತು. ಚಿತೆಯ ಮೇಲೆ ಮಳೆ ಬೀಳದಂತೆ ತಗಡು ಹಿಡಿದು ಭಾವ ನಿಂತಿದ್ದರು.

ಅಂದಿನಿಂದ ಈ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಬರಲಿಲ್ಲವಾದ್ದರಿಂದ ಮರೆತಿದ್ದಾಳೆ ಎಂದು ನಾನು ತಿಳಿದಿದ್ದೆ. ನನ್ನ ಉಳಿದ ಲೆಕ್ಕಗಳ ಹಾಗೆಯೇ.

"ಬೈಯಿ," ಎಂದೆ. "ಏನಾದರೂ ಬೈದುಬಿಡು."

"ಬೈಯ್ಯೋಕೆ ಶಕ್ತಿ ಇದ್ದಿದ್ರೆ ಅವತ್ತೇ ಬೈತಿದ್ದೆ," ಎಂದು ಇನ್ನೂ ಅತ್ತಳು. ಅಮ್ಮನ ಹೆಸರು ಹಿಡಿದು ಅತ್ತಳು. ಜನರ ಎದುರು ಅಳಲಾರದವಳು, ಎಂಟಡಿ ಗೋಡೆಯ ನಡುವೆ ಕೂತು ಮೂರು ತಿಂಗಳಿನದ್ದನ್ನೆಲ್ಲ ಅತ್ತಳು. ನಾನು ಪಕ್ಕದಲ್ಲಿ ಕೈಯಲ್ಲಿ ಕಂದು ಬಣ್ಣದ ನಕ್ಷೆ ಹಿಡಿದು ನಿಂತಿದ್ದೆ. ಕೂರಬೇಕೋ ನಿಲ್ಲಬೇಕೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಜೋಳ ಅಲುಗಿತು. ಏನೋ ದೊಡ್ಡದು, ಭಾರವಾಗಿ ಉಸಿರುಬಿಡುತ್ತಾ ಬರುತ್ತಿತ್ತು. ಕಾಡುಹಂದಿ! ನಾನು ದಂಟೊಂದನ್ನು ಎತ್ತಿಕೊಂಡು ಹೆಂಡತಿಗೆ ಅಡ್ಡವಾಗಿ ನಿಂತೆ. ಸಾಯುವುದಾದರೆ ಗೌರವದಿಂದ ಸಾಯೋಣ ಅನ್ನಿಸಿತು. ಗರಿ ಸರಿಸಿಕೊಂಡು ಮುಖ ಹೊರಗೆ ಬಂತು.

ಎಮ್ಮೆ. ಬಾಯಲ್ಲಿ ಭಾವನ ಜೋಳದ ತೆನೆ.

ಅದು ನನ್ನನ್ನು ನೋಡಿತು, ನನ್ನ ದಂಟನ್ನು ನೋಡಿತು, ಮುಂದೆ ಬಂದು ದಂಟಿನ ತುದಿ ತಿಂದಿತು. ಹೆಬ್ಬಾಗಿಲು ತೆರೆದಿಟ್ಟವನೇ ನಾನು. ಅತಿಥಿಗಳು ಬರದೇ ಇರುತ್ತಾರೆಯೇ?

ಎಮ್ಮೆ ಹೊಟ್ಟೆ ತುಂಬ ತಿಂದು, ಹೊತ್ತು ಇಳಿಯುತ್ತಿದ್ದಂತೆ ತಿರುಗಿ ನಡೆಯತೊಡಗಿತು. ಶಾರದೆ ಕಣ್ಣೊರೆಸಿಕೊಂಡು ಎದ್ದಳು. "ಅದರ ಹಿಂದೆ ಹೋಗೋಣ. ಎಮ್ಮೆಗೆ ಮನೆ ದಾರಿ ಗೊತ್ತಿರ್ತದೆ."

"ಡ್ರಾಯಿಂಗ್ ಹೈಯರ್ ಗ್ರೇಡ್ ಪಾಸಾದವನು ಎಮ್ಮೆ ಹಿಂದೆ ಹೋಗೋದಾ?"

ಅವಳು ಆಗಲೇ ಹೋಗುತ್ತಿದ್ದಳು. ಹೈಯರ್ ಗ್ರೇಡ್ ಪಾಸಾದವನೂ ಹೊರಟೆ.

ಆರೇ ನಿಮಿಷ. ಹೊರಗೆ! ಎಮ್ಮೆ ಅಲ್ಲಿಗೇ ನಿಲ್ಲಲಿಲ್ಲ. ದಿಬ್ಬದ ಆಚೆ ಇಳಿದು, ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕ ದಾಟಿ, ನಾಗಮ್ಮಜ್ಜಿಯ ಕೊಟ್ಟಿಗೆಗೆ ಹೋಗಿ ನಿಂತಿತು. ಒಂಟಿ ಮುದುಕಿ, ನನ್ನ ಅತ್ತೆಯ ಓರಗೆಯವರು. ನಮ್ಮನ್ನು ಕಂಡು ಗಾಬರಿಯಾದರು.

"ಅಯ್ಯೋ, ನಿಮ್ ಜೋಳಕ್ಕೆ ನುಗ್ಗಿತ್ತಾ ಈ ಹಾಳು ಎಮ್ಮೆ? ಹೊಡ್ಕಂಡು ಬಂದ್ರಾ? ತಪ್ಪಾಯ್ತು ಮಾರಾಯ್ರೆ."

"ಇರಲಿ ಬಿಡಿ ಅಜ್ಜಿ, ಮೂಕ ಪ್ರಾಣಿ," ಎಂದು ನಾನು ದೊಡ್ಡ ಮನಸ್ಸಿನಿಂದ ಕ್ಷಮಿಸಿದೆ.

"ನಾವು ಹೊಡ್ಕಂಡು ಬಂದಿದ್ದಲ್ಲ ಅಜ್ಜಿ," ಎಂದಳು ಶಾರದೆ. "ಅದೇ ನಮ್ಮನ್ನ ಕರ್ಕಂಡು ಬಂತು."

ಅಜ್ಜಿ ಅವಳ ಮುಖ ಹಿಡಿದು ಬೆಳಕಿಗೆ ತಿರುಗಿಸಿದರು. "ಅತ್ತಿದೀಯಾ ಕೂಸೇ? ಅಳು, ಅಳು. ಆ ದಿನ ನಾನೇ ನಿನ್ನಮ್ಮನ ಪಕ್ಕದಲ್ಲಿ ಕೂತಿದ್ದೆ. ಶಾರದೆ ಹೊರಟಿದಾಳೆ, ಬಸ್ ಹತ್ತಿರ್ತಾಳೆ ಅಂದೆ. ಹೂಂ ಅಂದ್ಳು. ಬಾಗಿಲ ಕಡೆನೇ ನೋಡ್ತಿದ್ಳು."

"ಎಷ್ಟೊತ್ತಿಗೆ ಹೋದ್ಳು ಅಜ್ಜಿ?"

"ಊಟದ ಹೊತ್ತು ದಾಟಿತ್ತು. ಎರಡು, ಎರಡೂವರೆ."

ಹತ್ತು ಗಂಟೆಯ ಬಸ್ಸಿಗೆ ಹೊರಟಿದ್ದರೆ ಒಂದು ಗಂಟೆಗೆಲ್ಲ ಬಾಗಿಲಲ್ಲಿರುತ್ತಿದ್ದೆವು. ಈ ಲೆಕ್ಕ ಮಾತ್ರ ನಾನು ತಪ್ಪಿಲ್ಲದೆ ಮಾಡಿದೆ. ಶಾರದೆಯೂ ಮಾಡಿದಳು. ನನ್ನ ಕಡೆ ತಿರುಗಿ ನೋಡಿದಳು. ಅಜ್ಜಿ ಕೊಟ್ಟ ಮಜ್ಜಿಗೆಯ ಲೋಟವನ್ನು ಮೊದಲು ನನಗೆ ಕೊಟ್ಟಳು. "ಕುಡೀರಿ, ಕೂಗಿ ಕೂಗಿ ಗಂಟಲು ಒಣಗಿದೆ," ಎಂದಳು.

ವಾಪಸು ಬರುವಾಗ ಸಂಕದ ಹತ್ತಿರ ದಾರಿ ಕವಲಾಗಿತ್ತು. ನಾನು ಬಾಯಿ ತೆರೆದೆ.

"ಮಾತಾಡ್ಬೇಡಿ. ನನ್ನ ಹಿಂದೆ ಬನ್ನಿ," ಎಂದಳು. ಮೂರು ತಿಂಗಳಲ್ಲಿ ಅವಳು ನನ್ನನ್ನು ಗದರಿದ್ದು ಅದೇ ಮೊದಲು. ಎಷ್ಟೋ ಹಗುರಾಯಿತು.

ಹಕ್ಕಲಿನ ಹತ್ತಿರ ಅತ್ತಿಗೆ ಎದೆ ಬಡಿದುಕೊಳ್ಳುತ್ತಾ ನಿಂತಿದ್ದರು. ಕತ್ತಲಾಗುತ್ತಾ ಬಂದರೂ ನಾವು ಬಾರದ್ದನ್ನು ಕಂಡು ಭಾವ ನಮ್ಮನ್ನು ಹುಡುಕಲು ಒಳಗೆ ಹೋಗಿದ್ದರಂತೆ. ಈಗ ಅವರೂ ಬರುತ್ತಿಲ್ಲ! ಒಳಗಿನಿಂದ "ಹೋಯ್" ಎಂಬ ಕೂಗು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಕೇಳುತ್ತಿತ್ತು. "ಅಣ್ಣಾ, ನಾವು ಹೊರಗಿದೀವಿ!" ಎಂದು ಶಾರದೆ ಕೂಗಿದಳು. ಆಮೇಲೆ ದಡದಡ ಸದ್ದು. ಭಾವ ಜೋಳದ ಸಾಲನ್ನು ಎರಡೂ ಕೈಯಿಂದ ಸರಿಸುತ್ತಾ ನೆಟ್ಟಗೆ ನಡೆದು ನಮ್ಮೆದುರಿಗೇ ಬಂದರು.

"ದಾರಿ ಹೆಂಗೆ ಸಿಕ್ತು ಭಾವ?"

"ದಾರಿ ಯಾಕೆ? ಜೋಳ ಸಾಲಿಗೆ ಹಾಕಿರ್ತೀವಲ್ಲ ಮೇಷ್ಟ್ರೇ. ಯಾವುದಾದ್ರೂ ಒಂದು ಸಾಲು ಹಿಡ್ಕಂಡು ಬಂದ್ರೆ ಬೇಲಿ ಸಿಗ್ತದೆ. ನೀವೆಂತ, ದಾರೀಲೇ ನಡೀತಾ ಇದ್ರಾ?"

ಹೌದು. ಏಳು ಗಂಟೆ ಕಾಲ. ಗೋಡೆ ಅಂದುಕೊಂಡದ್ದು ಬರೀ ಜೋಳ ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ!

ಅತ್ತಿಗೆ ನಕ್ಕರು. ಭಾವ ಕೂಡ ಮೀಸೆಯೊಳಗೆ ನಕ್ಕರು. ಶಾರದೆ ನಗಲಿಲ್ಲ. ಬೇಲಿ ಕಿತ್ತ ಜಾಗದಲ್ಲಿ ಮುಳ್ಳು ತಂದು ಒಟ್ಟುತ್ತಿದ್ದ ಅಣ್ಣನ ಜೊತೆ ಸೇರಿಕೊಂಡಳು. ನಾನೂ ಕೈ ಹಾಕಲು ಹೋದೆ. "ನೀವು ಸುಮ್ನೆ ನಿಂತ್ಕಳಿ," ಎಂದರು ಅಣ್ಣ ತಂಗಿ ಇಬ್ಬರೂ.

ಮರುವರ್ಷ ಭಾವ ಆ ಹಕ್ಕಲಿಗೆ ಶುಂಠಿ ಹಾಕಿದರು. ಶುಂಠಿ ಸೊಂಟಕ್ಕಿಂತ ಎತ್ತರ ಬೆಳೆಯುವುದಿಲ್ಲ. ಅದರಲ್ಲಿ ಕಳೆದುಹೋಗಬೇಕಾದರೆ ಮನುಷ್ಯ ಮಲಗಿಕೊಂಡು ತೆವಳಬೇಕು. ಆದರೂ ನಾನು ಆ ಕಡೆ ಕೈಕಾಲು ತೊಳೆಯಲು ಹೋದರೂ ಸಾಕು, ಅತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತು ನಾನು ವಾಪಸು ಬರುವವರೆಗೂ ನೋಡುತ್ತಿದ್ದರು.