ಅರ್ಧ ಆಟದ ಬೀಗರು

ನಮ್ಮ ಬೀಗರು ನೋಡದ ಟಾಕಿ ಈ ಸೀಮೆಯಲ್ಲಿಲ್ಲ. ಪೂರ್ತಿ ನೋಡಿದ ಟಾಕಿಯೂ ಇಲ್ಲ!

ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಂಡಿರಾ? ಪಾವಗಡದಿಂದ ಶಿರಾದವರೆಗೆ ಯಾವ ಡೇರೆ ಸಿನಿಮಾದವನನ್ನು ಬೇಕಾದರೂ ಕೇಳಿ. "ಆ ಉದ್ದನೆ ಯಜಮಾನ್ರಾ? ಎಲ್ರಿಗಿಂತ ಮುಂಚೆ ಬರ್ತಾರೆ, ಎಲ್ರಿಗಿಂತ ಮುಂಚೆ ಹೋಗ್ತಾರೆ" ಎನ್ನುತ್ತಾನೆ. ಬೀಗರೆಂದರೆ ನನ್ನ ಮಗಳ ಮಾವ. ಪಾವಗಡದ ಕಡೆಯವರು, ಬಾಯಿ ತೆರೆದರೆ ಅರ್ಧ ಕನ್ನಡ, ಅರ್ಧ ತೆಲುಗು. ನಾನು ಮಧುಗಿರಿಯಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡಿಕೊಂಡಿರುವವನು. ಓದಿದ್ದು ಕೂಲಿ ಮಠದಲ್ಲಿ, ಅದೂ ಮೇಷ್ಟ್ರಿಗೆ ನನ್ನ ಮೇಲೆ ಬೇಸರ ಬರುವವರೆಗೆ ಮಾತ್ರ. ಬರೆದದ್ದರಲ್ಲಿ ಹೆಚ್ಚು ಕಡಿಮೆಯಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಜ್ಜನಾದ ಹೊಸತು, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ!

ಈ ಮನುಷ್ಯನಿಗೆ ಯಾವ ಹಾಡು ಇಷ್ಟ, ಯಾವ ಆಟ ಇಷ್ಟ ಎಂದು ನನಗೆ ಇವತ್ತಿನವರೆಗೂ ತಿಳಿದಿಲ್ಲ. ಕೇಳೋಣವೆಂದರೆ ಹೆಣ್ಣು ಕೊಟ್ಟವನ ನಾಲಿಗೆ ಯಾವಾಗಲೂ ಅರ್ಧ ಒಳಗೇ ಇರಬೇಕಲ್ಲ! ಬೀಗರು ಬಂದಾಗಲೆಲ್ಲ ಏನಾದರೂ ಒಂದು ಆಟಕ್ಕೋ ಪಾಟಕ್ಕೋ ಕರೆದುಕೊಂಡು ಹೋಗುವುದು ಮರ್ಯಾದೆ. ಹೋಗುತ್ತಿದ್ದೆ. ಅರ್ಧಕ್ಕೆ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಚಾಲಪ್ಪಾ ಚಾಲು" ಎಂದು ಎದ್ದುಬಿಡುತ್ತಿದ್ದರು. ಸಾಕಪ್ಪಾ ಸಾಕು ಅಂತ ಅದರ ಅರ್ಥ. ಏನು ಸಾಕು? ಆಟ ಸಾಕೋ, ನಾನು ಸಾಕೋ?

ಒಮ್ಮೆ ಕೊರಟಗೆರೆಯಲ್ಲಿ ನೆಂಟರ ಮದುವೆ. ಬೆಂಗಳೂರಿನಿಂದ ವಿದ್ವಾಂಸರನ್ನು ಕರೆಸಿದ್ದರು. ಅವರು ಚುರುಕಾಗಿ ಹಾಡುವಷ್ಟು ಹೊತ್ತು ಬೀಗರು ತೊಡೆ ಕೆಂಪಾಗುವಂತೆ ತಾಳ ಹಾಕಿದರು. ನಾನು ಹಿಗ್ಗಿ ಹೋದೆ. ಆಮೇಲೆ ವಿದ್ವಾಂಸರು ಕಣ್ಣು ಮುಚ್ಚಿ ಒಂದು ನಿಧಾನದ ರಾಗ ಹಿಡಿದರು ನೋಡಿ, ಬೀಗರ ಮುಖ ಸಣ್ಣಗಾಯಿತು.

"ಬೀಗಾ, ಈಯಪ್ಪಂಗೆ ಏನೋ ಆಗೈತೆ."

"ಏನೂ ಆಗಿಲ್ಲ ಬೀಗ್ರೇ, ಅದು ರಾಗ."

"ರಾಗ ಗೀಗ ಅಲ್ಲ. ಮನೇಲಿ ಯಾರಿಗೋ ಉಸಾರಿಲ್ಲ. ನಡಿ, ಮಾತಾಡ್ಸಾನ."

ನಾನು ಪಂಚೆಯ ಚುಂಗು ಹಿಡಿದುಕೊಳ್ಳುವಷ್ಟರಲ್ಲಿ ಈ ಪುಣ್ಯಾತ್ಮರು ಚಪ್ಪರದ ನಡುವೆ ನಡೆದು, ಜಮಖಾನದ ಮೇಲೆ ಕುಕ್ಕರುಗಾಲಲ್ಲಿ ಕೂತು, ವಿದ್ವಾಂಸರ ಮಂಡಿ ಸವರಿದರು! "ಸ್ವಾಮೀ, ಅಳಬೇಡಿ. ಮನೇಲಿ ಎಲ್ಲಾ ಚೆಂದಾಗವ್ರಾ?"

ವಿದ್ವಾಂಸರ ಬಾಯಿ ತೆರೆದದ್ದು ತೆರೆದ ಹಾಗೆಯೇ ಉಳಿಯಿತು. ನಾನು ಭೂಮಿ ಬಿರಿಯಲಿ ಎಂದು ಕಾಯುತ್ತಿದ್ದೆ. ಪಿಟೀಲಿನವರು ಮಾತ್ರ ಕಮಾನು ಕೆಳಗಿಟ್ಟು, "ಮನೇಲಿ ಎಲ್ಲಾ ಕ್ಷೇಮ ಯಜಮಾನ್ರೇ. ಇಲ್ಲೇ ಬೆಳಗಿನಿಂದ ಎಲೆ ಹಾಕಿಲ್ಲ" ಎಂದುಬಿಟ್ಟರು! ಹೆಣ್ಣಿನ ಕಡೆಯವರು ಬಿದ್ದೆವೋ ಎದ್ದೆವೋ ಎಂದು ಅಡಿಗೆ ಮನೆಗೆ ಓಡಿದರು. ಊಟವಾದ ಮೇಲೆ ವಿದ್ವಾಂಸರು ನಿಧಾನದ ರಾಗದ ಸುದ್ದಿಗೇ ಹೋಗಲಿಲ್ಲ. ಬೀಗರು ನನ್ನ ಕಡೆ ತಿರುಗಿ, "ಕಂಡ್ಯಾ?" ಎಂದರು. ಏನು ಹೇಳಲಿ? ಕಂಡೆ ಎಂದೆ.

ಇದಾದರೂ ವಾಸಿ. ಮಧುಗಿರಿಯಲ್ಲಿ ಬೆಟ್ಟದ ಕೆಳಗೆ ಡೇರೆ ಹಾಕಿದಾಗ ಆದದ್ದು ಕೇಳಿ. ಯಾವುದೋ ತಮಿಳು ಟಾಕಿ. ನಮಗೆ ತಮಿಳು ಎಲ್ಲಿ ಬರಬೇಕು? ರಾಣಿಯೊಬ್ಬಳನ್ನು ಕಾಡಿಗೆ ಅಟ್ಟುತ್ತಾರೆ ಎಂಬಷ್ಟು ತಿಳಿಯಿತು. ರಾಣಿ ಮರದ ಬುಡದಲ್ಲಿ ಒರಗಿದಳು, ಒಂದು ಹಾವು ಹರಿದು ಬಂತು. ಅಷ್ಟರಲ್ಲಿ ರೀಲು ಬದಲಾಯಿಸಲು ದೀಪ ಹಾಕಿದರು. "ಚಾಲಪ್ಪಾ ಚಾಲು" ಎಂದು ಬೀಗರು ಎದ್ದರು. ಕೊಟ್ಟ ಕಾಸು ಹೋಯಿತಲ್ಲ ಎಂದು ಹೊಟ್ಟೆ ಉರಿದುಕೊಂಡು ನಾನೂ ಎದ್ದೆ.

ಮಾರನೇ ಬೆಳಿಗ್ಗೆ ನೋಡುತ್ತೇನೆ, ನಮ್ಮ ಜಗಲಿಯ ಮೇಲೆ ಅರ್ಧ ಬೀದಿ ಸೇರಿದೆ. ನಡುವೆ ಬೀಗರು ಟಾಕಿಯ ಕತೆ ಹೇಳುತ್ತಿದ್ದಾರೆ, ಅದೂ ಕೊನೆಯವರೆಗೆ! ಹಾವು ರಾಣಿಯ ತವರಿನ ಕಡೆಯದಂತೆ, ಹೆಡೆಯೆತ್ತಿ ನೆರಳು ಹಿಡಿಯಿತಂತೆ. ರಾಜ ಬಿಳಿ ಆನೆಯ ಮೇಲೆ ಬಂದು ತಪ್ಪಾಯಿತು ಎಂದನಂತೆ. ಕಾಡಿಗಟ್ಟಿದ ಅತ್ತೆಗೂ ಬುದ್ಧಿ ಬಂದು ಸೊಸೆಗೆ ಹೋಳಿಗೆ ಬಡಿಸಿದಳಂತೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವತ್ತಿನ ಆಟಕ್ಕೆ ಎಲ್ಲರೂ ಹೋದರು.

ಅಲ್ಲಿ ಹಾವು ಕಚ್ಚಿತು. ರಾಣಿ ಸತ್ತಳು. ಆಟ ಮುಗಿಯಿತು!

"ಆನೆ ಎಲ್ಲೋ?" ಎಂದು ಶುರುವಾಯಿತಂತೆ. "ಲೇ, ನಮ್ ಆನೆ ತೋರ್ಸ್ಲಾ! ಓಳಿಗೆ ತಿನ್ನೋ ಭಾಗ ಕತ್ತರಿಸ್ಬುಟ್ಟವ್ನೆ ಕಣ್ರಲಾ!" ಡೇರೆಯ ಯಜಮಾನರು ನಮ್ಮ ಮನೆಗೆ ಓಡಿ ಬಂದರು. ಶಿರಾದ ಸಾಬರು, ಬಲು ಮರ್ಯಾದಸ್ಥರು. "ಭಾಯಿ, ಖುದಾನ ಆಣೆ, ಈ ಪಿಚ್ಚರ್‌ನಾಗೆ ಆನೆ ಇಲ್ಲ. ನಿಮ್ ಬೀಗ್ರಿಗೆ ವಸಿ ಹೇಳಿ!"

ನಾನು ಹೇಳುವುದುಂಟೆ? ಬೀಗರು ಹೇಳಿದ್ದು ಸುಳ್ಳು ಎಂದರೆ ನನ್ನ ಮಗಳ ಗತಿ? ಹಾಗೆಂದು ಸಾಬರದು ಸುಳ್ಳು ಎನ್ನಲೇ? "ಬೇರೆ ಊರಿನಲ್ಲಿ ಆನೆ ಇದ್ದಿರಬಹುದು ಸಾಬ್ರೇ, ಇಲ್ಲಿಗೆ ಬರುವಾಗ ತಪ್ಪಿಸಿಕೊಂಡಿರಬೇಕು" ಎಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ಚುಚ್ಚುತ್ತದೆ.

ಅವತ್ತು ಮಾತ್ರ ತಡೆಯಲಾರದೆ ಕೇಳಿಯೇಬಿಟ್ಟೆ. "ಅಲ್ಲ ಬೀಗ್ರೇ, ಕೊನೆ ಏನಾಯ್ತು ಅಂತ ಗೊತ್ತಾಗದೆ ನಿಮಗೆ ನಿದ್ದೆ ಹೆಂಗೆ ಬರ್ತದೆ?"

"ಗೊತ್ತಾದ್ರೆ ಬರಾಕಿಲ್ಲ ಬೀಗಾ" ಎಂದರು. ಎಂದು, ಕಡಲೆಕಾಯಿ ಸುಲಿಯತೊಡಗಿದರು. ಇದಕ್ಕೆ ಏನರ್ಥ? ನನ್ನ ಹೆಂಡತಿಯನ್ನು ಕೇಳಿದೆ. "ಅವರಿಗೂ ಅರ್ಥ ಇಲ್ಲ, ಕೇಳಿದ ನಿಮಗೂ ಇಲ್ಲ" ಎಂದಳು.

ಹೀಗಿರುವಾಗ ಮಗಳು ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಮಗು ಹುಟ್ಟಿದ ಸುದ್ದಿ ಮುಟ್ಟಿದ ಮೇಲೆ ಬೀಗರು ಬರುವುದು ಪದ್ಧತಿ. ನಮ್ಮ ಬೀಗರು ಯಾವ ಪದ್ಧತಿಯನ್ನು ಕೊನೆಯವರೆಗೆ ಕೇಳಿಸಿಕೊಂಡವರು? ನೋವು ಕಾಣಿಸಿಕೊಂಡ ದಿನ ಬೆಳಿಗ್ಗೆಯೇ ಇದ್ದಿಲು ಸುಟ್ಟು ಓಡುವ ಬಸ್ಸಿನಲ್ಲಿ ಮುಖಕ್ಕೆಲ್ಲ ಮಸಿ ಮಾಡಿಕೊಂಡು ಬಂದಿಳಿದರು.

"ಹೆರಿಗೆಗೆ ಮುಂಚೆ ಬೀಗ್ರು ಬರೋದುಂಟಾ? ಬೀದಿ ಜನ ಏನಂದಾರು?" ಎಂದು ನನ್ನವಳು ಪಿಸುಗುಟ್ಟಿದಳು. ನಾನೇನು ಕರೆದಿದ್ದೆನೇ?

ಮಧ್ಯಾಹ್ನವಾಯಿತು. ನೋವು ಬರುತ್ತಿತ್ತು, ಮಗು ಬರಲಿಲ್ಲ. ಸೂಲಗಿತ್ತಿ ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು. "ಕೂಸು ಗಟ್ಟಿಯಾಗೈತೆ. ತಾಯೇ ಸೋತವ್ಳೆ. ಕಣ್ ಮುಚ್ಚಾಕೆ ಬುಡಬಾರ್ದು. ದೇವ್ರಿಗೆ ಕೈ ಮುಗ್ಕಳಿ" ಎಂದು ಒಳಗೆ ಹೋದಳು. ಇದ್ದವಳು ಒಬ್ಬಳೇ ಮಗಳು. ಒಳಗಿನಿಂದ ಅವಳ ಕೂಗು ಬಂತು.

ಬೀಗರು ಎದ್ದರು. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಹೊರಟರು ಎಂದುಕೊಂಡೆ.

ಅವರು ಬಸ್ಸಿನ ಕಡೆ ಹೋಗಲಿಲ್ಲ. ಮನೆಯನ್ನು ಬಳಸಿ, ಹೆರಿಗೆ ಕೋಣೆಯ ಕಿಟಕಿಯ ಕೆಳಗೆ, ಸುಡುವ ಬಿಸಿಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತರು. "ಅಮ್ಮಾಯೀ, ಮೊನ್ನೆ ಶಿರಾದಾಗೆ ಒಂದು ಪಿಚ್ಚರ್ ನೋಡ್ದೆ ಕಣಮ್ಮಾ!" ಎಂದು ಕೂಗಿದರು.

ಮಾವನ ಎದುರಿಗೆ ಬಾಗಿಲ ಮರೆ ಬಿಟ್ಟು ಬಾರದ ಹುಡುಗಿ ನನ್ನ ಮಗಳು. ಒಳಗಿನಿಂದ ಅವಳ ಸೋತ ದನಿ ಬಂತು. "ಪೂರ್ತಿ ನೋಡಿದ್ರಾ ಮಾವಾ?"

"ಇಲ್ಲಮ್ಮಾ. ಅದ್ಕೇ ಪೂರ್ತಿ ಹೇಳ್ತೀನಿ ಕೇಳು!"

ಹೇಳಿದರು ನೋಡಿ! ಒಬ್ಬಳು ಹುಡುಗಿ ಹೊಳೆ ದಾಟಬೇಕು. ದೋಣಿಯವನು ಮಲಗಿದ್ದಾನೆ. ಅವನನ್ನು ಎಬ್ಬಿಸಲು ಕೋಳಿ ಬಂತು, ಕತ್ತೆ ಬಂತು, ಕೊನೆಗೆ ಒಂಟೆಯೂ ಬಂತು. ಇವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಒಳಗಿನಿಂದ ಸೂಲಗಿತ್ತಿ, "ಯಜಮಾನ್ರೇ, ದಡ ಮುಟ್ಟಿಸ್ಬ್ಯಾಡಿ, ವಸಿ ಎಳೀರಿ! ಅಮ್ಮಯ್ಯ ಕೇಳ್ತಾವ್ಳೆ!" ಎಂದು ಕೂಗುತ್ತಿದ್ದಳು. ಹೊಳೆ ಸಮುದ್ರವಾಯಿತು. ಬೀಗರ ಗಂಟಲು ಒಡೆದು ಬರೀ ಗಾಳಿ ಬರುತ್ತಿತ್ತು. ಬಿಸಿಲು ಗೋಡೆಯಿಂದ ಇಳಿದು ಅಂಗಳ ದಾಟಿತು. ಮನುಷ್ಯ ಏಳಲಿಲ್ಲ.

ಆಮೇಲೆ ಮಗು ಅತ್ತಿತು!

"ಹೆಣ್ಣು! ಹೆಣ್ಣು ಕಣ್ರೀ!" ಎಂದಳು ನನ್ನವಳು. ನಾನು ಕುಣಿದೆ, ಬೀದಿಗೆ ಓಡಿದೆ, ಎದುರು ಬಂದವರ ಬಾಯಿಗೆಲ್ಲ ಬೆಲ್ಲ ತುರುಕಿದೆ. ಅವರಲ್ಲಿ ಒಬ್ಬರು ಯಾರೆಂದೇ ನನಗೆ ಗೊತ್ತಿಲ್ಲ! ಬೆಲ್ಲದ ಕೈಯಲ್ಲೇ ಹಿಂದಕ್ಕೆ ಬಂದರೆ ಬೀಗರು ಇನ್ನೂ ಕಿಟಕಿಯ ಕೆಳಗೇ ಇದ್ದಾರೆ, ಮುಖ ಮೇಲೆತ್ತಿಕೊಂಡು.

"ಆಮೇಲೆ?" ಎಂದರು.

"ಏನು ಆಮೇಲೆ ಬೀಗ್ರೇ? ಆಯ್ತಲ್ಲಾ! ಮೊಮ್ಮಗಳು ಬಂದ್ಲು!"

"ಅದಲ್ಲ ಬೀಗಾ." ಗಾಳಿಯಂಥ ದನಿಯಲ್ಲೇ ಕಿಟಕಿಯತ್ತ ಕೂಗಿದರು. "ಆಮೇಲೇನಾಯ್ತು? ನಮ್ ಅಮ್ಮಾಯಿ ಹೆಂಗವ್ಳೆ? ಯಾರಾದ್ರೂ ಹೇಳ್ರಮ್ಮಾ!"

ನನ್ನ ಕುಣಿತ ಅಲ್ಲೇ ನಿಂತಿತು. ಮಗಳು ಹೇಗಿದ್ದಾಳೆಂದು ನಾನು ಕೇಳಿಯೇ ಇರಲಿಲ್ಲ. ಒಳಗೆ ಪಾತ್ರೆ ಸದ್ದು, ಹೆಂಗಸರ ಗುಸುಗುಸು. ಇಬ್ಬರೂ ಆ ಕಿಟಕಿಯನ್ನೇ ನೋಡಿದೆವು. ಆಗ ನನ್ನ ಮಗಳ ದನಿ ಕೇಳಿಸಿತು. ಸಣ್ಣಗಿತ್ತು, ಸ್ವಲ್ಪ ಗದರಿಕೆಯೂ ಇತ್ತು.

"ಮಾವಾ, ಮೆಲ್ಲುಕೆ. ಮಗು ಮಲಗೈತೆ."

ಬೀಗರು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು, ಸೊಸೆಗೆ ಕಾಣದಿದ್ದರೂ ಆಗಲಮ್ಮಾ ಆಗಲಿ ಎಂಬಂತೆ ತಲೆಯಾಡಿಸಿದರು. ಆಮೇಲೆ ಸದ್ದಿಲ್ಲದೆ, ಭುಜವಷ್ಟೇ ಅಲುಗುವಂತೆ, ತೃಪ್ತಿಯಾಗುವವರೆಗೂ ಅತ್ತರು.