ಜಮಖಾನೆ ಹೊದ್ದು ಬೆವರುವ ಟ್ರಾನ್ಸಿಸ್ಟರ್ ಸಾಹೇಬರಿಗೆ

ನವಲಗುಂದದ ನಮ್ಮ ಓಣಿಯ ಅಕ್ಕನ ಬಳಗದ ಆಂಪ್ಲಿಫೈಯರಿನೊಳಗೆ, ಎಡಮೂಲೆಯಲ್ಲಿ ಮೂರು ಕಾಲಿನ ಮೇಲೆ ನಿಂತು ಸೇವೆ ಸಲ್ಲಿಸುತ್ತಿರುವ, ಗಾತ್ರದಲ್ಲಿ ಕಡಲೆಕಾಳಿಗಿಂತ ಕಿರಿಯರಾದರೂ ಪ್ರತಿಷ್ಠೆಯಲ್ಲಿ ಯಾರಿಗೂ ಕಡಿಮೆಯಿಲ್ಲದ ಟ್ರಾನ್ಸಿಸ್ಟರ್ ಸಾಹೇಬರ ಸನ್ನಿಧಿಗೆ, ಬಸ್ ನಿಲ್ದಾಣದ ಹಿಂದಿನ ರಿಪೇರಿ ಅಂಗಡಿಯ ಮಹಾನಂದಾ ಮಾಡುವ ಶರಣು ಶರಣಾರ್ಥಿ.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಮುಟ್ಟಿ ವಿಚಾರಿಸೋಣವೆಂದು ಕೈಯಿಟ್ಟರೆ ಕಳೆದ ಸೋಮವಾರ ಬೆರಳು ಚುರ್ ಎಂದಿತು. ಹೀಗಾಗಿ ದೂರದಿಂದಲೇ ಬರೆಯುತ್ತಿದ್ದೇನೆ.

ತಮ್ಮನ್ನು ಆರಿಸಿದ ದಿನ ತಮಗೆ ನೆನಪಿರಬಹುದು. ಹುಬ್ಬಳ್ಳಿಯಿಂದ ತಂದ ಪೊಟ್ಟಣದಲ್ಲಿದ್ದ ತಮ್ಮ ಅಣ್ಣತಮ್ಮಂದಿರನ್ನೆಲ್ಲ ಮೀಟರಿಗೆ ಹಚ್ಚಿ, ಗೊರಗೊರ ಸದ್ದು ಮಾಡುವವರನ್ನು ಬಿಟ್ಟು, ಗೇನ್, ಅಂದರೆ ಕರೆಂಟನ್ನು ಹಿಗ್ಗಿಸುವ ಶಕ್ತಿ, ಕಡಿಮೆ ಇರುವವರನ್ನು ಬಿಟ್ಟು, ತಮ್ಮಲ್ಲಿಗೆ ಬಂದು ನಿಂತೆ. ಬಿ.ಡಿ. ೧೩೯ ಎಂಬ ಚಪ್ಪಟೆ ಮೈಯ ದೊಡ್ಡವರೊಬ್ಬರು ಬಾಜೂಕೇ ಇದ್ದರು. ಗೇನ್ ಸಾಧಾರಣ, ಆದರೆ ಎಷ್ಟು ಕಾಯಿಸಿದರೂ ತಡೆಯುವ ಗಟ್ಟಿ ಮೈ. ಅವರನ್ನು ಡ್ರಾಯರಿಗೆ ಸೇರಿಸಿ ತಮಗೆ ಪಟ್ಟ ಕಟ್ಟಿದೆ. ವಹಿಸಿದ ಕೆಲಸವೂ ಒಂದೇ. ಊರಿನ ವೋಲ್ಟೇಜು ಏರಲಿ, ಬೀಳಲಿ, ಮೈಕಿನ ದನಿಯನ್ನು ಮೊದಲು ಎತ್ತಿಕೊಳ್ಳುವ ಭಾಗಕ್ಕೆ ಒಂದೇ ಅಳತೆಯಲ್ಲಿ ಕರೆಂಟು ಬಿಡುತ್ತಿರಬೇಕು, ಅಷ್ಟೇ. ಆ ಅಳತೆಯನ್ನು ತಮಗೆ ಹೇಳಿಕೊಡಲು ಒಂದು ಪುಟ್ಟ ಕೆಂಪು ದೀಪವನ್ನೂ ಜೊತೆಗಿಟ್ಟೆ.

ಅಂಗಡಿಯ ಮೇಜಿನ ಮೇಲೆ ತಮ್ಮ ನಡತೆಯನ್ನು ಎಷ್ಟು ಹೊಗಳಿದರೂ ಸಾಲದು. ದಿನವಿಡೀ ಚಾಲೂ ಇಟ್ಟರೂ ಮೀಟರಿನ ಮುಳ್ಳು ಅಲುಗಲಿಲ್ಲ. ಅಂಥ ತಾವು, ಬಳಗದವರು ಸೋಮವಾರಕ್ಕೊಮ್ಮೆ ಹಾಡಲು ಸೇರುವ ಮಠಕ್ಕೆ ಬಂದ ಮೊದಲ ವಾರವೇ ಮಾಡಿದ್ದೇನು?

ನಮ್ಮ ಬಳಗದ ಹಿರಿಯರಾದ ಮಲ್ಲಕ್ಕ ಹಾಡಲು ಕುಳಿತರು. ಮೊದಲ ತತ್ವಪದ ಅಗದಿ ಚೊಕ್ಕವಾಗಿ ಬಂತು. ಎರಡನೆಯದರಲ್ಲಿ ತಾವು ಬೆಚ್ಚಗಾದಿರಿ. ಮೂರನೆಯದರಲ್ಲಿ ಅವರು ದನಿ ಮೇಲಕ್ಕೆತ್ತಿದಾಗ ಸ್ಪೀಕರಿನಿಂದ ಒಡಕು ಮಡಕೆ ಬಡಿದ ಸದ್ದು ಹೊರಟಿತು. ಇಡೀ ಮಠ ಅವರ ಮುಖ ನೋಡಿತು, ಪೆಟ್ಟಿಗೆಯ ಕಡೆ ಯಾರೂ ನೋಡಲಿಲ್ಲ. ಮಲ್ಲಕ್ಕ ತಾಳವನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದರು: “ನನ್ನ ದನಿ ಮುಗೀತವ್ವಾ. ಇನ್ನ ಹುಡುಗ್ಯಾರು ಹಾಡ್ಲಿ.”

ಅಂದಿನಿಂದ ಅವರು ಹಿಂದಿನ ಸಾಲಿನಲ್ಲಿ ಕುಳಿತು ಬರೀ ತುಟಿ ಆಡಿಸುತ್ತಾರೆ. ತಪ್ಪು ಟ್ರಾನ್ಸಿಸ್ಟರಿನದು, ನಿಮ್ಮ ಗಂಟಲಿನದಲ್ಲ ಎಂದು ಮನೆಗೇ ಹೋಗಿ ಹೇಳಿದೆ. ಕಡಲೆಯಷ್ಟೂ ಇಲ್ಲದ್ದರ ಮೇಲೆ ತಪ್ಪು ಹೊರಿಸಿ ನನ್ನನ್ನು ಸಮಾಧಾನ ಮಾಡುತ್ತೀ ಎಂದು ನಕ್ಕು, ಚಹಾ ಕೊಟ್ಟು ಕಳಿಸಿದರು. ಖಾಸಗಿಯಾಗಿ ಹೇಳಿದ್ದನ್ನು ನಂಬದವರು ಬಹಿರಂಗವಾಗಿ ಬರೆದಿದ್ದನ್ನಾದರೂ ನಂಬಲಿ ಎಂದೇ ಈ ಪತ್ರ. ಇದರ ಒಂದು ಪ್ರತಿಯನ್ನು ಮಠದ ಬಾಗಿಲಿಗೆ ಅಂಟಿಸಲಿದ್ದೇನೆ. ತಾವು ನಾಚಿಕೊಳ್ಳಬೇಕಾಗಿಲ್ಲ.

ನ್ಯಾಯವಾಗಿ ನೋಡಿದರೆ ತಮ್ಮ ಕಡೆಯಿಂದಲೂ ಒಂದೆರಡು ಮಾತುಗಳಿವೆ. ಮಠದಲ್ಲಿ ಗೌರವದ ವಸ್ತುವನ್ನು ಬರೀ ನೆಲದ ಮೇಲೆ ಇಡುವುದೂ ಇಲ್ಲ, ತೆರೆದು ಬಿಡುವುದೂ ಇಲ್ಲ. ಹೀಗಾಗಿ ಬಳಗದವರು ತಮ್ಮ ಪೆಟ್ಟಿಗೆಯ ಕೆಳಗೆ ಕಂಬಳಿ ಹಾಸಿ, ಮೇಲೆ ಹೊಸ ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿದ್ದಾರೆ. ಅದು ಜಮಖಾನೆ ನೇಯುವ ಗೌಸಬಿ ಕಳಿಸಿದ್ದು. ಪೆಟ್ಟಿಗೆ ಬಂದ ದಿನವೇ ಅದೂ ಬಂದಿದ್ದರಿಂದ ಪೆಟ್ಟಿಗೆಗೇ ಎಂದು ಎಲ್ಲರೂ ತಿಳಿದರು. ಇನ್ನು ಕೆಂಪು ದೀಪ ಒಳಗಿದ್ದರೆ ಮಷೀನು ಜೀವಂತವಿದೆಯೋ ಇಲ್ಲವೋ ತಿಳಿಯುವುದು ಹೇಗೆಂದು ಬಳಗ ಹಟ ಹಿಡಿದಿದ್ದರಿಂದ ಅದನ್ನು ಮುಂದಿನ ತಗಡಿಗೆ ತಂದು ಕೂಡಿಸಿದೆ. ಅದು ಫ್ಯಾನಿನ ಗಾಳಿಯಲ್ಲಿ ವಿಭೂತಿ ಧರಿಸಿ ತಣ್ಣಗಿದೆ, ತಾವು ಒಳಗೆ ಬೇಯುತ್ತಿದ್ದೀರಿ. ಇಬ್ಬರೂ ಒಟ್ಟಿಗೆ ಕಾದರೆ ಲೆಕ್ಕ ಸರಿಹೋಗುತ್ತದೆ. ಒಬ್ಬರೇ ಕಾದರೆ ಕೊಡಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಬಿಟ್ಟು ದನಿಯನ್ನು ಒಡೆಯುತ್ತೀರಿ.

ಆದರೆ ಜಮಖಾನೆ ತೆಗೆದರೆ ಗೌಸಬಿಯ ಮನಸ್ಸಿಗೆ ನೋವು. ದೀಪ ತೆಗೆದರೆ ಬಳಗಕ್ಕೆ ಅಪಶಕುನ. ಆದ್ದರಿಂದ ಎಲ್ಲರ ಮಾನ ಉಳಿಸಲು ತಮ್ಮೊಬ್ಬರಲ್ಲೇ ವಿನಂತಿಸುತ್ತಿದ್ದೇನೆ. ದಯವಿಟ್ಟು ಕಾಯಬೇಡಿ. ಕಾಯಲೇಬೇಕೆಂದಿದ್ದರೆ ಮಂಗಳಾರತಿ ಮುಗಿಯಲಿ. ಜಮಖಾನೆಯ ಮೇಲಿನ ನವಿಲು ತಮಗೆ ಗಾಳಿ ಬೀಸುತ್ತಿದೆ ಎಂದು ಭಾವಿಸಿಕೊಳ್ಳಿ. ಅದೂ ಆಗದಿದ್ದರೆ ಮಲ್ಲಕ್ಕ ಹಾಡುವಷ್ಟು ಹೊತ್ತಾದರೂ ಭೌತಶಾಸ್ತ್ರವನ್ನು ಮರೆತುಬಿಡಿ. ಆ ದನಿ ಇಷ್ಟು ಬೇಗ ನಮ್ಮ ಓಣಿಯಿಂದ ಹೋಗಬಾರದು.

ಹೆಚ್ಚಿಗೆ ಬರೆದು ತಮ್ಮನ್ನು ಇನ್ನಷ್ಟು ಬಿಸಿ ಮಾಡಲಾರೆ.

ತಮ್ಮ ವಿಶ್ವಾಸಿ,
ಮಹಾನಂದಾ

ತಾ.ಕ.: ಪತ್ರ ಅಂಟಿಸಲು ಇಂದು ಸೋಮವಾರ ಮಠಕ್ಕೆ ಬಂದರೆ, ಮಲ್ಲಕ್ಕ ಹಾಡುವುದನ್ನು ಬಿಟ್ಟಿದ್ದಾರೆಂಬ ಸುದ್ದಿ ಕೇಳಿ ಗೌಸಬಿ ಮಗ್ಗ ಬಿಟ್ಟು ಬಂದಿದ್ದರು. ನಾನು ಪತ್ರ ತೆಗೆಯುವ ಮೊದಲೇ ತಮ್ಮ ಪೆಟ್ಟಿಗೆ ನೋಡಿ, ಜಮಖಾನೆಯನ್ನು ಒಂದೇ ಸಲಕ್ಕೆ ಎಳೆದು, ಮೈಕಿನ ಮುಂದೆ ಹಾಸಿದರು. “ಇದನ್ನ ನಾ ಮಲ್ಲಕ್ಕ ಕುಂದ್ರಾಕ ನೇದಿದ್ದು. ಪೆಟ್ಟಿಗಿಗೇನ ಥಂಡಿ ಆಗತೈತೇನು?” ಎಂದು ಕೇಳಿದರು. ಮಲ್ಲಕ್ಕ ಬಂದು ಅದರ ಮೇಲೆ ಕುಳಿತು, ಮೂರು ತತ್ವಪದಗಳನ್ನೂ ಮೇಲಿನ ದನಿಯಲ್ಲೇ ಹಾಡಿದರು. ಎಲ್ಲಿಯೂ ಒಡೆಯಲಿಲ್ಲ. ತಾವೂ ತಣ್ಣಗಿದ್ದಿರಿ. ಅದನ್ನು ತಮ್ಮ ಸದ್ಗುಣವೆಂದು ತಿಳಿಯಬೇಡಿ. ಚಪ್ಪಟೆ ಮೈಯ ಆ ದೊಡ್ಡವರು ಇನ್ನೂ ಡ್ರಾಯರಿನಲ್ಲೇ ಇದ್ದಾರೆ.